ಡಿ. ಬಿ. ಚಂದ್ರೇಗೌಡ

ದಾರದಹಳ್ಳಿ ಬೈರೇಗೌಡ ಚಂದ್ರೇಗೌಡ (1936–2023) ಕರ್ನಾಟಕದ ಮಲೆನಾಡಿನಿಂದ ಹೊರಟು ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನಪರಿಷತ್ತುಗಳೆಂಬ ನಾಲ್ಕು ಶಾಸನಸಭೆಗಳಲ್ಲಿಯೂ ಸದಸ್ಯತ್ವವನ್ನು ಪಡೆದ, ವಿಧಾನಸಭೆಯ ಅಧ್ಯಕ್ಷ ಪದವಿಯನ್ನೂ ವಿರೋಧಪಕ್ಷದ ನಾಯಕ ಸ್ಥಾನವನ್ನೂ ಮಂತ್ರಿಪದವಿಯನ್ನೂ ಬೇರೆ ಬೇರೆ ಕಾಲಗಳಲ್ಲಿ ನಿರ್ವಹಿಸಿದ ರಾಜಕಾರಣಿ. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು ತೆರವು ಮಾಡಿಕೊಟ್ಟ ಸಂಗತಿಯಿಂದ ಇವರ ಹೆಸರು ದೇಶವ್ಯಾಪಿಯಾಯಿತು. ಆ ಒಂದು ಸಂಗತಿಯ ಪ್ರಸಿದ್ಧಿಯು ಅದರ ಹಿಂದು ಮುಂದಿನ ನಾಲ್ಕು ದಶಕಗಳ ಶಾಸಕಜೀವನವನ್ನು ಬಹುಮಟ್ಟಿಗೆ ಮರೆಮಾಡಿತೆಂದೂ ಹೇಳಬೇಕಾಗುತ್ತದೆ. 1999ರಿಂದ 2004ರವರೆಗೆ ಇವರು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳನ್ನೊಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರದ ಪ್ರತಿನಿಧಿಯಾಗಿದ್ದರು.

ಈ ಲೇಖನದಲ್ಲಿ ‘ಚಿಕ್ಕಮಗಳೂರು ಕ್ಷೇತ್ರ’ವೆಂದರೆ 2008ರ ಪುನರ್ವಿಂಗಡಣೆಗೆ ಮುಂಚೆ ಅದೇ ಹೆಸರಿನಿಂದಿದ್ದ ಲೋಕಸಭಾ ಕ್ಷೇತ್ರವೆಂದೂ, ‘ಶೃಂಗೇರಿ ಕ್ಷೇತ್ರ’ವೆಂದರೆ ವಿಧಾನಸಭಾ ಕ್ಷೇತ್ರವೆಂದೂ ತಿಳಿಯತಕ್ಕದ್ದು.

ಪ್ರದೇಶ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ, ಈಗ ಚಿಕ್ಕಮಗಳೂರು ಜಿಲ್ಲೆಯೆನಿಸಿರುವ ಭೂಭಾಗದ ಪಶ್ಚಿಮದ ಅಂಚಿನಲ್ಲಿ, ಸಹ್ಯಾದ್ರಿಯ ಇಳಿಜಾರುಗಳಿಗೂ ತುಂಗಾ ಭದ್ರಾ ನದಿಗಳ ಕಣಿವೆಗಳಿಗೂ ಹೊಂದಿಕೊಂಡು ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಿವೆ. ತುಂಗೆಯ ದಡದಲ್ಲಿ ಶೃಂಗೇರಿಯ ಶಾರದಾಪೀಠವೂ ಭದ್ರೆಯ ದಡದಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠವೂ ಇರುವುದರಿಂದ ಈ ನಾಡು ಧಾರ್ಮಿಕವಾಗಿ ಪ್ರಸಿದ್ಧವಾದದ್ದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ 1904ರಲ್ಲಿ ಕುವೆಂಪು ಅವರು ಜನಿಸಿದ ಊರು. ಎಡೇಹಳ್ಳಿಯೆಂಬ ಪೂರ್ವನಾಮವುಳ್ಳ ಪಟ್ಟಣವು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ನರಸಿಂಹರಾಜಪುರವೆಂಬ ಹೆಸರನ್ನು ಪಡೆಯಿತು. ಜನರ ಬಾಯಲ್ಲಿ ಅದು ಎನ್. ಆರ್. ಪುರ. ಬಾಳೆಹೊನ್ನೂರಿನ ಸಮೀಪದ ಕಾಫಿ ಸಂಶೋಧನಾ ಕೇಂದ್ರದ ಮೂಲ 1925ರಷ್ಟು ಹಿಂದಿನದು.

ಅಡಿಕೆ, ಕಾಫಿ, ಮೆಣಸು, ಏಲಕ್ಕಿ ಮತ್ತು ಕಣಿವೆಗಳ ಬತ್ತ ಇಲ್ಲಿಯ ಬೆಳೆಗಳು. ಬಯಲುಸೀಮೆಯ ಹಳ್ಳಿಗಳಂತೆ ಮನೆಗಳು ಒಂದೆಡೆ ಗುಂಪುಗೂಡಿರದೆ ತೋಟಕ್ಕೊಂದು ಗದ್ದೆಗೊಂದರಂತೆ ಚದುರಿರುವುದರಿಂದಲೂ ವರ್ಷದ ಕೆಲವು ತಿಂಗಳು ಮಳೆಯೇ ಎಲ್ಲ ಸಂಚಾರವನ್ನು ನಿಯಂತ್ರಿಸುವುದರಿಂದಲೂ ಇಲ್ಲಿ ಮತಯಾಚನೆಯೆಂಬುದು ದೊಡ್ಡ ಸಭೆಗಳಿಗಿಂತ ಮನೆಮನೆಯ ಪರಿಚಯವನ್ನು ಹೆಚ್ಚಾಗಿ ಅವಲಂಬಿಸಿದ ಕಾರ್ಯವಾಗಿ ಬೆಳೆದುಬಂದಿತು. ಗೇಣಿಯ ಪ್ರಶ್ನೆ, ತೋಟಕೂಲಿಯ ಪ್ರಶ್ನೆ, ಕಾಡಿನಂಚಿನ ಒತ್ತುವರಿ ಜಮೀನಿನ ಪ್ರಶ್ನೆ, ಅಡಿಕೆಯ ಹಳದಿ ಎಲೆ ರೋಗ ಇವು ತಲೆಮಾರುಗಳಿಂದ ಇಲ್ಲಿಯ ರಾಜಕಾರಣದ ವಸ್ತುಗಳು.

ಜನನ ಮತ್ತು ರಾಜಕೀಯ ಪ್ರವೇಶ

ಚಂದ್ರೇಗೌಡರು 1936ನೆಯ ಆಗಸ್ಟ್ 26ರಂದು ಇದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯಲ್ಲಿ ಜನಿಸಿದರು. ಮಲೆನಾಡಿನ ರೂಢಿಯಂತೆ ಊರಿನ ಹೆಸರೂ ತಂದೆಯ ಹೆಸರೂ ಅವರ ಹೆಸರಿನ ಮೊದಲಕ್ಷರಗಳಾದವು. ಕೃಷಿಕ ಕುಟುಂಬದಲ್ಲಿ ಬೆಳೆದು ಕಾನೂನು ಪದವಿಯನ್ನು ಪಡೆದ ಅವರಿಗೆ ವಕೀಲಿಕೆಯ ಶಿಕ್ಷಣವು ಮುಂದೆ ಸಭಾನಿಯಮಗಳ ಜ್ಞಾನಕ್ಕೆ ಆಧಾರವಾಯಿತು.

ಅವರ ರಾಜಕೀಯ ಆರಂಭವು ಪ್ರಜಾ ಸಮಾಜವಾದಿ ಪಕ್ಷದಲ್ಲಿ. 1951ರ ಕಾಗೋಡು ಸತ್ಯಾಗ್ರಹದ ತರುವಾಯ ಶಿವಮೊಗ್ಗ ಚಿಕ್ಕಮಗಳೂರು ಪ್ರಾಂತದಲ್ಲಿ ಸಮಾಜವಾದಿ ಚಳವಳಿಯು ಗೇಣಿದಾರರಲ್ಲಿಯೂ ವಿದ್ಯಾವಂತ ತರುಣರಲ್ಲಿಯೂ ಬೇರೂರಿ, ಶಾಂತವೇರಿ ಗೋಪಾಲಗೌಡರಂಥ ನಾಯಕರನ್ನು ವಿಧಾನಸಭೆಗೆ ಕಳುಹಿಸಿದ್ದಿತು. ಚಿಕ್ಕಮಗಳೂರು ಕ್ಷೇತ್ರವೂ 1967ರ ಮಹಾಚುನಾವಣೆಯಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಎಂ. ಹುಚ್ಚೇಗೌಡರನ್ನು ಆರಿಸಿದ್ದಿತು. ಕಾಂಗ್ರೆಸ್ಸು 1969ರಲ್ಲಿ ಇಬ್ಭಾಗವಾಗಿ, ಬ್ಯಾಂಕುಗಳ ರಾಷ್ಟ್ರೀಕರಣ ಮೊದಲಾದ ಕ್ರಮಗಳಿಂದ ಇಂದಿರಾ ಗಾಂಧಿಯವರ ಪಕ್ಷವು ಸಮಾಜವಾದಿಗಳನೇಕರನ್ನು ತನ್ನತ್ತ ಸೆಳೆದುಕೊಂಡ ಆ ದಿನಗಳಲ್ಲಿ ಚಂದ್ರೇಗೌಡರೂ ಕಾಂಗ್ರೆಸ್ಸನ್ನು ಸೇರಿದರು.

ಲೋಕಸಭೆಯ ಮೊದಲ ಎರಡು ಅವಧಿಗಳು

1971ರ ಚುನಾವಣೆಯಲ್ಲಿ ಚಿಕ್ಕಮಗಳೂರು ಕ್ಷೇತ್ರದಿಂದ ಆಯ್ಕೆಗೊಂಡು ಐದನೆಯ ಲೋಕಸಭೆಯನ್ನು ಪ್ರವೇಶಿಸಿದಾಗ ಅವರಿಗೆ 34 ವರ್ಷ ವಯಸ್ಸು. ತುರ್ತುಪರಿಸ್ಥಿತಿಯ ಕಾರಣದಿಂದ ಆ ಲೋಕಸಭೆಯ ಅವಧಿಯು ಐದು ವರ್ಷಗಳನ್ನು ಮೀರಿ ವಿಸ್ತರಿಸಲ್ಪಟ್ಟಿತು. 1977ರ ಮಾರ್ಚಿನಲ್ಲಿ ಉತ್ತರ ಭಾರತದುದ್ದಕ್ಕೂ ಕಾಂಗ್ರೆಸ್ಸು ನೆಲಕಚ್ಚಿ, ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ರಾಜನಾರಾಯಣರಿಂದ 55,000ಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಪರಾಜಿತರಾದಾಗ, ಕರ್ನಾಟಕವು ಅದಕ್ಕೆ ವಿರುದ್ಧವಾಗಿ ತನ್ನ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಆ 26 ಮಂದಿಯಲ್ಲಿ ಚಂದ್ರೇಗೌಡರೊಬ್ಬರು.

ಈ ವೈಪರೀತ್ಯಕ್ಕೆ ಕಾರಣವನ್ನು ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರದ ಕಾರ್ಯಗಳಲ್ಲಿ ಹುಡುಕಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯನ್ನು ಕೊನೆಗಾಣಿಸಿ, ಭೂನ್ಯಾಯಮಂಡಳಿಗಳ ಮುಖಾಂತರ ಉಳುವವನಿಗೆ ಒಡೆತನವನ್ನು ಕೊಡಲು ವಿಧಿಸಿತು. ಕಾಫಿ ಮೊದಲಾದ ಪ್ಲಾಂಟೇಷನ್‌ಗಳು ಆ ಕಾನೂನಿನ ಹೊರಗುಳಿದರೂ, ಗೇಣಿಯ ಗದ್ದೆ ಮತ್ತು ಅಡಿಕೆತೋಟಗಳು ಹೇರಳವಾಗಿದ್ದ, ಶೃಂಗೇರಿಯಂತೂ ಬಹುಕಾಲ ಮಠದ ಜಹಗೀರಾಗಿಯೇ ಇದ್ದ ಈ ಸೀಮೆಯಲ್ಲಿ ಅದರ ಪರಿಣಾಮ ಗಾಢವಾಯಿತು. ಭೂಮಿ ಕಳೆದುಕೊಂಡವರ ಅಸಮಾಧಾನವೂ ಇಲ್ಲಿ ಅಷ್ಟೇ ಗಾಢವಾಗಿದ್ದಿತು. ಆದರೆ ಮತದ ಪೆಟ್ಟಿಗೆಯಲ್ಲಿ ಸಂಖ್ಯೆಯೇ ಪ್ರಧಾನವಷ್ಟೆ.

1978ರ ರಾಜೀನಾಮೆ

1978ನೆಯ ಜನವರಿಯ ಆದಿಯಲ್ಲಿ ಕಾಂಗ್ರೆಸ್ಸು ಮತ್ತೊಮ್ಮೆ ಒಡೆದು ಇಂದಿರಾ ಕಾಂಗ್ರೆಸ್ಸು ಹುಟ್ಟಿತು. ಎರಡು ತಿಂಗಳೂ ತುಂಬುವುದರೊಳಗೆ, ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ, ಆ ಹೊಸ ಪಕ್ಷವು ಕರ್ನಾಟಕದ 224 ಸ್ಥಾನಗಳಲ್ಲಿ 149ನ್ನು ಗೆದ್ದುಕೊಂಡಿತು. ಲೋಕಸಭೆಗೆ ಮರಳಲು ಇಂದಿರಾ ಗಾಂಧಿಯವರಿಗೆ ಒಂದು ಭದ್ರವಾದ ಕ್ಷೇತ್ರ ಬೇಕಾಗಿದ್ದಾಗ ಅರಸರ ಆಶ್ರಯದಲ್ಲಿದ್ದ ಕರ್ನಾಟಕವು ಅಂಥ ಕ್ಷೇತ್ರವನ್ನು ಒದಗಿಸಬಲ್ಲದೆಂಬುದು ಈ ಫಲಿತಾಂಶದಿಂದ ಸ್ಪಷ್ಟವಾಯಿತು. ಆಯ್ಕೆಯಾದದ್ದು ಚಿಕ್ಕಮಗಳೂರು. ಚಂದ್ರೇಗೌಡರು ತಮ್ಮ ಲೋಕಸಭಾ ಸದಸ್ಯತ್ವಕ್ಕೆ ರಾಜೀನಾಮೆಯಿತ್ತರು.

ಸಂವಿಧಾನದ 101ನೆಯ ಅನುಚ್ಛೇದದ ಪ್ರಕಾರ ಸದಸ್ಯನು ತನ್ನ ಸ್ವಹಸ್ತದ ಪತ್ರದಿಂದ ಸಭಾಧ್ಯಕ್ಷರಿಗೆ ರಾಜೀನಾಮೆಯನ್ನು ಸಲ್ಲಿಸಬಹುದು. 1974ರ ಮೂವತ್ತಮೂರನೆಯ ತಿದ್ದುಪಡಿಯ ಅನಂತರ, ಅದು ಸ್ವಇಚ್ಛೆಯಿಂದ ಕೊಟ್ಟದ್ದೆಂಬುದು ಸಭಾಧ್ಯಕ್ಷರಿಗೆ ಮನವರಿಕೆಯಾದಾಗ ಮಾತ್ರ ಅಂಗೀಕಾರವಾಗತಕ್ಕದ್ದು. ಆಗಿನ ಲೋಕಸಭಾಧ್ಯಕ್ಷರು ಕೆ. ಎಸ್. ಹೆಗ್ಡೆ. ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದು, 1973ರಲ್ಲಿ ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ತಮ್ಮನ್ನು ಮೀರಿ ಕಿರಿಯರನ್ನು ನೇಮಿಸಿದುದಕ್ಕಾಗಿ ಪದತ್ಯಾಗ ಮಾಡಿ, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಪರವಾಗಿ ಗೆದ್ದುಬಂದವರು. ಚಿಕ್ಕಮಗಳೂರಿನಿಂದ ಘಟ್ಟವಿಳಿದರೆ ಸಿಗುವ ಊರಿನವರೊಬ್ಬರು ಆ ವರ್ಷದ ಸಭೆಯ ಅಧ್ಯಕ್ಷಪೀಠದಲ್ಲಿದ್ದರೆಂಬುದು ಕಾಕತಾಳೀಯವಾದರೂ ಗಮನಾರ್ಹ.

ಉಪಚುನಾವಣೆ

ಮತದಾನವು 1978ನೆಯ ನವೆಂಬರ್ 5ರಂದು ನಡೆಯಿತು. ಜನತಾ ಪಕ್ಷವು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಕಣಕ್ಕಿಳಿಸಿತು; ಕೇಂದ್ರ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಮೊದಲಾದವರು ಅವರ ಪರವಾಗಿ ಪ್ರಚಾರಕ್ಕೆ ಬಂದರು. ಮುಖ್ಯಮಂತ್ರಿ ಅರಸರು ಇಂದಿರಾ ಗಾಂಧಿಯವರ ಪ್ರಚಾರದ ಹೊಣೆಯನ್ನು ತಾವೇ ವಹಿಸಿದರು. ಪತ್ರಿಕಾ ಪ್ರತಿನಿಧಿಗಳು ದೇಶವಿದೇಶಗಳಿಂದ ಬಂದಿಳಿದುದರಿಂದ, ಅದುವರೆಗೆ ಕಾಫಿಯ ವ್ಯಾಪಾರಿಗಳಿಗೂ ಶೃಂಗೇರಿಯ ಯಾತ್ರಿಕರಿಗೂ ಮಾತ್ರ ಪರಿಚಿತವಾಗಿದ್ದ ದಾರಿಗಳು ಕೆಲವು ವಾರಗಳ ಕಾಲ ದಿನಪತ್ರಿಕೆಗಳ ಮುಖಪುಟಕ್ಕೆ ಬಂದವು.

ಇಂದಿರಾ ಗಾಂಧಿಯವರಿಗೆ 2,49,376 ಮತಗಳೂ ವೀರೇಂದ್ರ ಪಾಟೀಲರಿಗೆ 1,72,043 ಮತಗಳೂ ಬಂದು, ಅಂತರವು 77,333 ಆಯಿತು. ಸೋತ ಅಭ್ಯರ್ಥಿಯೇ ಮುಂದೆ ಇಂದಿರಾ ಕಾಂಗ್ರೆಸ್ಸನ್ನು ಸೇರಿ 1980ರಲ್ಲಿ ಕೇಂದ್ರ ಸಚಿವರಾದುದೂ, ಸ್ಥಾನವನ್ನು ಬಿಟ್ಟುಕೊಟ್ಟ ಚಂದ್ರೇಗೌಡರು ಅಷ್ಟರೊಳಗೆ ಆ ಪಕ್ಷದಿಂದ ದೂರವಾಗಿದ್ದುದೂ ಆ ಕಾಲದ ರಾಜಕೀಯದ ಗತಿಯನ್ನು ತೋರಿಸುತ್ತವೆ.

ಬ್ರಿಟಿಷ್ ಪಾರ್ಲಿಮೆಂಟಿನ ಸದೃಶ ಪ್ರಸಂಗಗಳು

ನಾಯಕನಿಗಾಗಿ ಸದಸ್ಯನು ಸ್ಥಾನವನ್ನು ತೆರವು ಮಾಡುವ ಪದ್ಧತಿಯು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸಿನಲ್ಲಿ ಹಳೆಯದು. ಅಲ್ಲಿ 1624ರ ಒಂದು ನಿರ್ಣಯದಂತೆ ಸದಸ್ಯನಿಗೆ ರಾಜೀನಾಮೆ ಕೊಡುವ ಅಧಿಕಾರವೇ ಇಲ್ಲ. ಆದರೆ ದೊರೆಯ ಅಧೀನದ ಲಾಭದಾಯಕ ಹುದ್ದೆಯನ್ನು ಹೊಂದಿದವನು ಸದಸ್ಯತ್ವವನ್ನು ಕಳೆದುಕೊಳ್ಳುವನೆಂಬ ನಿಯಮವನ್ನು ಆಶ್ರಯಿಸಿ, ಚಿಲ್ಟರ್ನ್ ಹಂಡ್ರೆಡ್ಸ್ ಎಂಬ ಸೀಮೆಯ ಉಸ್ತುವಾರಿಯೆಂಬ ನಾಮಮಾತ್ರದ ಹುದ್ದೆಯನ್ನು ಕೇಳಿ ಪಡೆಯುವ ಉಪಾಯವು 1751ರಿಂದ ರೂಢಿಗೆ ಬಂದಿದೆ. ನಾರ್ತ್‌ಸ್ಟೆಡ್ ಜಹಗೀರಿನ ಉಸ್ತುವಾರಿಯೂ ಇದೇ ಕಾರ್ಯಕ್ಕೆ ಬಳಕೆಯಾಗುತ್ತದೆ. ಒಂದೇ ಪತ್ರದಿಂದ ಮುಗಿಯುವ ಭಾರತದ ಕ್ರಮವು ಇದಕ್ಕಿಂತ ಸರಳ.

1906ರ ಚುನಾವಣೆಯಲ್ಲಿ ಮಾಜಿ ಪ್ರಧಾನಿ ಆರ್ಥರ್ ಬಾಲ್ಫರ್ ಅವರು ಮ್ಯಾಂಚೆಸ್ಟರಿನಲ್ಲಿ ಸೋತಾಗ, ಲಂಡನ್ ನಗರದ ಸದಸ್ಯ ಆಲ್ಬನ್ ಗಿಬ್ಸ್ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟು ಅವರಿಗೆ ದಾರಿ ಮಾಡಿದರು. ಚಿಕ್ಕಮಗಳೂರಿನ ಪ್ರಸಂಗದೊಡನೆ ಹೋಲಿಸಿ ನೋಡಲು ಇನ್ನೂ ಯೋಗ್ಯವಾದುದು ಲೇಟನ್ ಕ್ಷೇತ್ರದ ಕಥೆ. 1964ರಲ್ಲಿ ಲೇಬರ್ ಪಕ್ಷವು ಅಧಿಕಾರಕ್ಕೆ ಬಂದರೂ ಅದರ ವಿದೇಶಾಂಗ ಸಚಿವರಾದ ಪ್ಯಾಟ್ರಿಕ್ ಗಾರ್ಡನ್ ವಾಕರ್ ಅವರು ಸ್ಮೆದಿಕ್‌ನಲ್ಲಿ ಸೋತಿದ್ದರು. ಅವರಿಗೆ ಸ್ಥಾನವನ್ನು ಕಲ್ಪಿಸುವ ಸಲುವಾಗಿ ಲೇಟನ್ನಿನ ಹಿರಿಯ ಸದಸ್ಯ ರೆಜಿನಾಲ್ಡ್ ಸೊರೆನ್‌ಸನ್ ಅವರನ್ನು ಲಾರ್ಡ್ಸ್ ಸಭೆಗೆ ಏರಿಸಲಾಯಿತು. ಸೊರೆನ್‌ಸನ್ನರು ಭಾರತಕ್ಕೆ ಅಪರಿಚಿತರಲ್ಲ: ಇಂಡಿಯಾ ಲೀಗಿನ ಮೂಲಕ ಭಾರತದ ಸ್ವಾತಂತ್ರ್ಯವನ್ನು ಕಾಮನ್ಸಿನಲ್ಲಿ ಸತತವಾಗಿ ಸಮರ್ಥಿಸಿದವರು, 1946ರಲ್ಲಿ ಇಲ್ಲಿಗೆ ಬಂದ ಪಾರ್ಲಿಮೆಂಟರಿ ನಿಯೋಗದ ಸದಸ್ಯರಾಗಿದ್ದವರು. ಅವರು ಬಿಟ್ಟುಕೊಟ್ಟ ಸ್ಥಾನವು 1965ರ ಜನವರಿಯ ಉಪಚುನಾವಣೆಯಲ್ಲಿ 205 ಮತಗಳಿಂದ ಲೇಬರ್ ಪಕ್ಷದ ಕೈತಪ್ಪಿತು, ವಿದೇಶಾಂಗ ಸಚಿವರು ಪದವಿಯನ್ನು ತ್ಯಜಿಸಿದರು. ಪ್ರತಿನಿಧಿಯು ಹೊರಟುಹೋದಮಾತ್ರಕ್ಕೆ ಮತದಾರರು ಅವನ ಉತ್ತರಾಧಿಕಾರಿಯನ್ನು ಒಪ್ಪಲೇಬೇಕೆಂಬುದಿಲ್ಲ. ಲೇಟನ್ನಿನಲ್ಲಿ ಒಪ್ಪಲಿಲ್ಲ, ಚಿಕ್ಕಮಗಳೂರಿನಲ್ಲಿ ಒಪ್ಪಿದರು.

ಉಚ್ಚಾಟನೆ ಮತ್ತು ಅದರ ರದ್ದಿಯಾತಿ

ಚಿಕ್ಕಮಗಳೂರಿನ ತೀರ್ಪು ಬಹುಕಾಲ ಬಾಳಲಿಲ್ಲ. ಪ್ರಧಾನಿಯಾಗಿದ್ದಾಗ ಮಾರುತಿ ಸಂಸ್ಥೆಯ ಬಗೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬ ಆಪಾದನೆಯನ್ನು ವಿಚಾರಿಸಿದ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿಯು ಇಂದಿರಾ ಗಾಂಧಿಯವರನ್ನು ತಪ್ಪಿತಸ್ಥರೆಂದು ವರದಿ ಮಾಡಿತು. 1978ನೆಯ ಡಿಸೆಂಬರ್ 19ರಂದು ಸಭೆಯು 138ಕ್ಕೆ ಪ್ರತಿಯಾಗಿ 279 ಮತಗಳಿಂದ ಅವರನ್ನು ಉಚ್ಚಾಟಿಸಿ, ಅಧಿವೇಶನವು ಮುಕ್ತಾಯವಾಗುವವರೆಗೆ ಸೆರೆಯಲ್ಲಿಡಬೇಕೆಂದು ನಿರ್ಧರಿಸಿತು. ಅವರು ತಿಹಾರ್ ಕಾರಾಗೃಹದಲ್ಲಿ ಒಂದು ವಾರವನ್ನು ಕಳೆದರು. ಚಂದ್ರೇಗೌಡರು ಬಿಟ್ಟ ಸ್ಥಾನವು ಮತದಾನವಾಗಿ ಏಳು ವಾರಗಳು ಕಳೆಯುವುದರೊಳಗೆ ಪುನಃ ತೆರವಾಯಿತು.

ಈ ಅಧಿಕಾರದ ಮೂಲವೂ ಬ್ರಿಟನ್ನಿನಲ್ಲಿದೆ. ಸಂವಿಧಾನದ 105ನೆಯ ಅನುಚ್ಛೇದದ ಮೂರನೆಯ ಖಂಡವು, ಪಾರ್ಲಿಮೆಂಟು ತಾನೇ ಕಾನೂನಿನಿಂದ ನಿರೂಪಿಸುವ ತನಕ, ಸಭೆಗಳ ಅಧಿಕಾರ ಮತ್ತು ಹಕ್ಕುಬಾಧ್ಯತೆಗಳು ಸಂವಿಧಾನದ ಆರಂಭಕಾಲದಲ್ಲಿ ಹೌಸ್ ಆಫ್ ಕಾಮನ್ಸಿಗೆ ಇದ್ದಂಥವೇ ಆಗಿರತಕ್ಕದ್ದೆಂದು ವಿಧಿಸಿದ್ದಿತು. ಸೆರೆಯ ಅವಧಿಯನ್ನು ಅಧಿವೇಶನದ ಮುಕ್ತಾಯಕ್ಕೆ ಸೀಮಿತಗೊಳಿಸಿದುದೂ ಕಾಮನ್ಸಿನ ಸಂಪ್ರದಾಯವೇ. ಅದೇ ವರ್ಷ ಅಂಗೀಕೃತವಾಗಿ 1979ರ ಜೂನಿನಲ್ಲಿ ಜಾರಿಗೆ ಬಂದ ನಲವತ್ತನಾಲ್ಕನೆಯ ತಿದ್ದುಪಡಿಯು ಕಾಮನ್ಸಿನ ಹೆಸರನ್ನು ಆ ಖಂಡದಿಂದ ತೆಗೆದುಹಾಕಿತಾದರೂ, ಆ ದಿನದವರೆಗೆ ಇದ್ದ ಅಧಿಕಾರಗಳನ್ನು ಹಾಗೆಯೇ ಉಳಿಸಿತು.

1981ನೆಯ ಮೇ 7ರಂದು ಏಳನೆಯ ಲೋಕಸಭೆಯು ಉಚ್ಚಾಟನೆಯ ನಿರ್ಣಯವನ್ನು ರದ್ದುಪಡಿಸಿತು. ಜಾನ್ ವಿಲ್ಕ್ಸ್ ಅವರನ್ನು 1769ರಲ್ಲಿ ಹೊರಹಾಕಿದ ನಿರ್ಣಯವನ್ನು ಕಾಮನ್ಸ್ ಸಭೆಯು 1782ರಲ್ಲಿ ದಾಖಲೆಯಿಂದ ಅಳಿಸಿಹಾಕಿದುದೂ, ಚಾರ್ಲ್ಸ್ ಬ್ರಾಡ್‌ಲಾ ಅವರ ವಿರುದ್ಧದ 1880ರ ನಿರ್ಣಯವನ್ನು 1891ರಲ್ಲಿ ಅಳಿಸಿದುದೂ ಇಂಥದೇ ಪೂರ್ವನಿದರ್ಶನಗಳು. ವಿಲ್ಕ್ಸ್ ಅವರು 13 ವರ್ಷಗಳ ಕಾಲ ಕಾಯಬೇಕಾಯಿತು; ಇಲ್ಲಿ ಎರಡೂವರೆ ವರ್ಷಕ್ಕೆ ಮುಗಿಯಿತು.

ವಿಧಾನಮಂಡಲದಲ್ಲಿ

ರಾಜೀನಾಮೆಯ ಅನಂತರ ಚಂದ್ರೇಗೌಡರು ರಾಜ್ಯ ವಿಧಾನಪರಿಷತ್ತಿನ ಸದಸ್ಯರಾಗಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಸ್ಥಾನವನ್ನು ಪಡೆದರು. 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ವಿರಸವುಂಟಾಗಿ ಪಕ್ಷವು ಒಡೆದಾಗ ಅವರು ಅರಸರ ಪಕ್ಷದಲ್ಲಿ ಉಳಿದರು. ಅರಸರ ಕ್ರಾಂತಿರಂಗದ ಮಾರ್ಗವಾಗಿ ಜನತಾ ಪಕ್ಷವನ್ನು ತಲುಪಿದರು. ಪ್ರಜಾ ಸಮಾಜವಾದಿ, ಕಾಂಗ್ರೆಸ್, ಕ್ರಾಂತಿರಂಗ, ಜನತಾ, ಜನತಾ ದಳ, ಮರಳಿ ಕಾಂಗ್ರೆಸ್, ಕೊನೆಗೆ ಭಾರತೀಯ ಜನತಾ ಪಕ್ಷ ಎಂಬ ಅವರ ಪಕ್ಷಾಂತರಗಳ ಸರಣಿಯನ್ನು ಟೀಕಾಕಾರರು ಆಕ್ಷೇಪಿಸಿದ್ದುಂಟು. ಆದರೆ ಪಕ್ಷಗಳೇ ಒಡೆದು ಕೂಡಿ ಹೆಸರು ಬದಲಾಯಿಸುತ್ತಿದ್ದ ಕಾಲದಲ್ಲಿ ಈ ಸರಣಿಯ ಕೆಲವು ಕೊಂಡಿಗಳು ಅವರ ನಿರ್ಧಾರಗಳೆನ್ನುವುದಕ್ಕಿಂತ ಪಕ್ಷಗಳದೇ ರೂಪಾಂತರಗಳೆನ್ನುವುದು ನ್ಯಾಯ.

1983ರ ಜನವರಿಯ ಚುನಾವಣೆಯಲ್ಲಿ ಅವರು ತೀರ್ಥಹಳ್ಳಿ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದರು. ಶಾಂತವೇರಿ ಗೋಪಾಲಗೌಡರು ಪ್ರತಿನಿಧಿಸಿದ್ದ ಕ್ಷೇತ್ರವದು. ತುಂಗೆಯ ಕೆಳದಂಡೆಯಲ್ಲಿ ಕೊಪ್ಪ ತಾಲ್ಲೂಕಿಗೆ ಹೊಂದಿಕೊಂಡಿದೆ. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರವು ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಚಿತವಾದಾಗ ವಿಧಾನಸಭೆಯ ಅಧ್ಯಕ್ಷರಾಗಿ ಚಂದ್ರೇಗೌಡರು ಆಯ್ಕೆಯಾದರು.

ಆ ಸಭೆಯ ಅಧ್ಯಕ್ಷಪದವಿ ಕೇವಲ ಶೋಭೆಯದಾಗಿರಲಿಲ್ಲ. ಜನತಾ ಪಕ್ಷ ಮತ್ತು ಕ್ರಾಂತಿರಂಗಗಳಿಗೆ ಒಟ್ಟು 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳಿದ್ದು, ಸರ್ಕಾರವು ಹೊರಗಿನ ಬೆಂಬಲದಿಂದ ನಿಂತಿದ್ದಿತು. ಪಕ್ಷಾಂತರ ನಿಷೇಧದ ಐವತ್ತೆರಡನೆಯ ತಿದ್ದುಪಡಿಯು ಇನ್ನೂ ಬಂದಿರಲಿಲ್ಲ, ಅದು 1985ರದು. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತವನ್ನು ಚಲಾಯಿಸುವ, ಮಿಕ್ಕ ಸಮಯದಲ್ಲಿ ಮತವಿಲ್ಲದೆ ಸಭೆಯನ್ನು ನಡೆಸುವ ಅಧ್ಯಕ್ಷನು ಇಂಥ ಸಭೆಯಲ್ಲಿ ಎರಡು ಪಕ್ಷದವರ ಸಂಶಯಕ್ಕೂ ಪಾತ್ರನಾಗುವುದು ಸಹಜ. ಬ್ರಿಟನ್ನಿನಲ್ಲಿ ಸ್ಪೀಕರ್ ಆದವನು ಪಕ್ಷದ ಸಂಬಂಧವನ್ನು ಕಡಿದುಕೊಂಡು, ಮುಂದಿನ ಚುನಾವಣೆಗೂ ಸ್ಪೀಕರ್ ಎಂಬ ಹೆಸರಿನಿಂದಲೇ ನಿಲ್ಲುವ ಸಂಪ್ರದಾಯವಿದೆ. ಭಾರತದ ವಿಧಾನಸಭೆಗಳಲ್ಲಿ ಅದು ನೆಲೆಗೊಳ್ಳಲಿಲ್ಲ, ಚಂದ್ರೇಗೌಡರೂ ಅವಧಿಯ ತರುವಾಯ ಪಕ್ಷರಾಜಕಾರಣಕ್ಕೆ ಮರಳಿದರು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದಲ್ಲಿ ನಾಲ್ಕೇ ಸ್ಥಾನಗಳು ದಕ್ಕಿದುದರಿಂದ ಹೆಗಡೆಯವರು ಹೊಸ ಜನಾದೇಶವನ್ನು ಬಯಸಿ ವಿಧಾನಸಭೆಯನ್ನು ವಿಸರ್ಜಿಸುವಂತೆ ಸಲಹೆಯಿತ್ತರು, 1985ರಲ್ಲಿ ಬಿ. ಜಿ. ಬಣಕಾರರು ಅಧ್ಯಕ್ಷಪೀಠಕ್ಕೆ ಬಂದರು.

ರಾಜ್ಯಸಭೆ ಮತ್ತು ವಿರೋಧಪಕ್ಷದ ನಾಯಕತ್ವ

1986ರಲ್ಲಿ ಜನತಾ ಪಕ್ಷದಿಂದ ರಾಜ್ಯಸಭೆಗೆ ಚುನಾಯಿತರಾಗುವುದರೊಡನೆ ನಾಲ್ಕು ಸಭೆಗಳ ಸದಸ್ಯತ್ವವು ಪೂರ್ಣವಾಯಿತು. 1989ರಲ್ಲಿ ತೀರ್ಥಹಳ್ಳಿಯಿಂದ, ಈ ಬಾರಿ ಜನತಾ ದಳದ ಅಭ್ಯರ್ಥಿಯಾಗಿ, ವಿಧಾನಸಭೆಗೆ ಮರಳಿದರು. ಕಾಂಗ್ರೆಸ್ಸು 178 ಸ್ಥಾನಗಳನ್ನು ಗೆದ್ದು, ಜನತಾ ದಳವು 24ಕ್ಕೆ ಕುಗ್ಗಿದ್ದ ಆ ಸಭೆಯಲ್ಲಿ ಅವರು ವಿರೋಧಪಕ್ಷದ ನಾಯಕರಾದರು. ಮುಖ್ಯಮಂತ್ರಿಯಾಗಿ ಎದುರಿಗೆ ಕುಳಿತಿದ್ದವರು, ಹನ್ನೊಂದು ವರ್ಷಗಳ ಹಿಂದೆ ಚಿಕ್ಕಮಗಳೂರಿನಲ್ಲಿ ಸೋತಿದ್ದ ವೀರೇಂದ್ರ ಪಾಟೀಲರು.

ಶೃಂಗೇರಿ ಕ್ಷೇತ್ರದ ಪ್ರತಿನಿಧಿಯಾಗಿ

ಶೃಂಗೇರಿ ಕ್ಷೇತ್ರವು 1994ರಿಂದ 1999ರವರೆಗೆ ಕೊಪ್ಪದ ಎಚ್. ಜಿ. ಗೋವಿಂದೇಗೌಡರದಾಗಿದ್ದಿತು. ಶಿಕ್ಷಣ ಸಚಿವರಾಗಿ ಅರ್ಹತೆಯೊಂದನ್ನೇ ಆಧಾರವಾಗಿಟ್ಟು ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಯನ್ನು ನಡೆಸಿದುದರಿಂದ ಅವರ ಹೆಸರು ಈಗಲೂ ಗೌರವದಿಂದ ಸ್ಮರಿಸಲ್ಪಡುತ್ತದೆ. 1999ರಲ್ಲಿ ಕಾಂಗ್ರೆಸ್ಸಿಗೆ ಮರಳಿದ್ದ ಚಂದ್ರೇಗೌಡರು ಈ ಕ್ಷೇತ್ರದಿಂದ ಗೆದ್ದು, ಎಸ್. ಎಂ. ಕೃಷ್ಣ ಅವರ ಮಂತ್ರಿಮಂಡಲದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾದರು. ಕೊಪ್ಪ, ಶೃಂಗೇರಿ, ಎನ್. ಆರ್. ಪುರಗಳ ಮತದಾರರಿಗೆ ಅವರು ಹೊಸಬರಲ್ಲ: 1971ರಲ್ಲಿಯೂ 1977ರಲ್ಲಿಯೂ ಅವರನ್ನು ಲೋಕಸಭೆಗೆ ಕಳುಹಿಸಿದವರಲ್ಲಿ ಈ ತಾಲ್ಲೂಕುಗಳವರೂ ಇದ್ದರು.

ಆ ಐದು ವರ್ಷಗಳು ಸರ್ಕಾರದ ಕಾನೂನು ಇಲಾಖೆಗೆ ಕಷ್ಟಕಾಲವಾಗಿದ್ದವು. 2000ದ ಜುಲೈ 30ರಂದು ನಟ ರಾಜಕುಮಾರ್ ಅವರು ಕಾಡುಗಳ್ಳ ವೀರಪ್ಪನ್‌ನಿಂದ ಅಪಹೃತರಾಗಿ, ಅವನ ಸಹಚರರ ಮೇಲಿನ ಮೊಕದ್ದಮೆಗಳ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2002ರಲ್ಲಿ ಕಾವೇರಿ ನೀರಿನ ವಿವಾದದಲ್ಲಿ ರಾಜ್ಯವು ಅದೇ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಕ್ಷೇತ್ರದೊಳಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿನ ನಿವಾಸಿಗಳ ಭವಿಷ್ಯವೂ, ತುಂಗಾ ಭದ್ರೆಯರ ಉಗಮಸ್ಥಾನದ ನೆರೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯೂ ಬಿರುಸಿನ ಚರ್ಚೆಯ ವಿಷಯಗಳಾಗಿದ್ದವು. ಗಣಿಗಾರಿಕೆಯನ್ನು 2005ರ ಅಂತ್ಯಕ್ಕೆ ನಿಲ್ಲಿಸಬೇಕೆಂಬ ಸುಪ್ರೀಂ ಕೋರ್ಟಿನ ಆದೇಶವು 2002ರ ಅಕ್ಟೋಬರಿನಲ್ಲಿ ಹೊರಬಿದ್ದಿತು. ನಾಲ್ಕು ಸಭೆಗಳ ಅನುಭವವಿದ್ದ ಸಚಿವರಿಗೂ ಈ ಪ್ರಶ್ನೆಗಳಲ್ಲಿ ಬಹುಪಾಲು ವಿಧಾನಸೌಧದ ಕೈಮೀರಿದ್ದವು. ನ್ಯಾಯಾಲಯ ಮತ್ತು ಕೇಂದ್ರದ ಅರಣ್ಯ ಕಾನೂನುಗಳು ಅಂತಿಮ ಮಾತನ್ನಾಡಿದವು. 2004ರಲ್ಲಿ ಈ ಕ್ಷೇತ್ರವು ಭಾರತೀಯ ಜನತಾ ಪಕ್ಷದ ಡಿ. ಎನ್. ಜೀವರಾಜ್ ಅವರಿಗೆ ಹೋಯಿತು.

ಕೊನೆಯ ಲೋಕಸಭಾ ಅವಧಿ ಮತ್ತು ನಿಧನ

2009ರಲ್ಲಿ ಚಂದ್ರೇಗೌಡರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಬೆಂಗಳೂರು ಉತ್ತರದಿಂದ ಸ್ಪರ್ಧಿಸಿ, ಅನೇಕ ಬಾರಿ ಅದೇ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಮಾಜಿ ರೈಲ್ವೆ ಸಚಿವ ಸಿ. ಕೆ. ಜಾಫರ್ ಷರೀಫ್ ಅವರನ್ನು ಪರಾಭವಗೊಳಿಸಿದರು. ಆರನೆಯ ಲೋಕಸಭೆಯನ್ನು ಮಧ್ಯದಲ್ಲಿ ಬಿಟ್ಟವರು ಹದಿನೈದನೆಯ ಲೋಕಸಭೆಗೆ ತಮ್ಮ 72ನೆಯ ವಯಸ್ಸಿನಲ್ಲಿ ಮರಳಿದರು; ನಡುವೆ ಮೂರು ದಶಕಗಳು ಸಂದಿದ್ದವು. 2014ರಲ್ಲಿ ಆ ಸ್ಥಾನವು ಅದೇ ಪಕ್ಷದ ಡಿ. ವಿ. ಸದಾನಂದಗೌಡರದಾಯಿತು. ತರುವಾಯ ಚಂದ್ರೇಗೌಡರು ಸಕ್ರಿಯ ರಾಜಕಾರಣದಿಂದ ನಿವೃತ್ತರಾಗಿ, 2023ನೆಯ ನವೆಂಬರ್ 7ರಂದು ತಮ್ಮ ಹುಟ್ಟೂರಾದ ದಾರದಹಳ್ಳಿಯಲ್ಲಿ 87ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಕ್ಷೇತ್ರಗಳ ಈಗಿನ ಸ್ಥಿತಿ

ಚಿಕ್ಕಮಗಳೂರು ಕ್ಷೇತ್ರವನ್ನು 1980ರ ಅನಂತರ ಡಿ. ಎಂ. ಪುಟ್ಟೇಗೌಡ, ಡಿ. ಕೆ. ತಾರಾದೇವಿ, ಬಿ. ಎಲ್. ಶಂಕರ್ ಮತ್ತು ಡಿ. ಸಿ. ಶ್ರೀಕಂಠಪ್ಪ ಪ್ರತಿನಿಧಿಸಿದರು. 2008ರ ಪುನರ್ವಿಂಗಡಣೆಯಲ್ಲಿ ಅದು ಆ ಹೆಸರಿನಿಂದ ಉಳಿಯಲಿಲ್ಲ. ಕಡೂರು ಹಾಸನಕ್ಕೆ ಸೇರಿತು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳು ಘಟ್ಟದ ಕೆಳಗಿನ ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳೊಡನೆ ಕೂಡಿ ಉಡುಪಿ–ಚಿಕ್ಕಮಗಳೂರು ಕ್ಷೇತ್ರವಾದವು. ಕರಾವಳಿಯ ಮೀನುಗಾರನೂ ಮಲೆನಾಡಿನ ಅಡಿಕೆ ಬೆಳೆಗಾರನೂ ಒಬ್ಬನೇ ಸದಸ್ಯನನ್ನು ಆರಿಸುವ ಈ ಏರ್ಪಾಡಿನಲ್ಲಿ ಸದಾನಂದಗೌಡ, 2012ರ ಉಪಚುನಾವಣೆಯಿಂದ ಕೆ. ಜಯಪ್ರಕಾಶ್ ಹೆಗ್ಡೆ, 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಆಯ್ಕೆಯಾಗಿದ್ದಾರೆ. ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2004ರಿಂದ ಮೂರು ಅವಧಿಗಳ ಕಾಲ ಜೀವರಾಜ್ ಅವರೂ, 2018ರಲ್ಲಿ ಕಾಂಗ್ರೆಸ್ಸಿನ ಟಿ. ಡಿ. ರಾಜೇಗೌಡರೂ ಗೆದ್ದರು, 2023ರಲ್ಲಿ ರಾಜೇಗೌಡರು ಜೀವರಾಜ್ ಅವರ ವಿರುದ್ಧ 201 ಮತಗಳ ಅಂತರದಿಂದ ಪುನಃ ವಿಜಯಿಯೆಂದು ಘೋಷಿತರಾದರು.